ಮೊದಲ ರೊಟ್ಟಿ ಮಾರುವವನಿಗೆ

ನಾನು ಒಂದು ರೇಡಿಯೊ. ಮೂರು ಬ್ಯಾಂಡಿನವನು, ಸುಮ್ಮನೆ ಅಲ್ಲ! ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಹೊಟ್ಟೆಯೊಳಗಿನ ತಂತಿಗಳಿಗೆ ಬೆಸುಗೆ ಹಾಕಿ, ಕಿವಿ ಹಿಂಡಿದಂತೆ ಗುಂಡಿ ತಿರುಗಿಸಿದಳು. ಕೊಳಲಿನ ದನಿ ಬಂತು. ಅವಳು ನಕ್ಕಳು. ಅದೇ ನನ್ನ ಹುಟ್ಟು.

ನನ್ನನ್ನು ಕೊಂಡವರು ಗದಗಿನ ಅಂಚೆ ಕಚೇರಿಯ ಪಾಟೀಲರು. ಅವರಿಗೆ ದಿನಾ ಊಟ ಶಿವಲೀಲಕ್ಕ, ಗಿರಿಜವ್ವ ಎಂಬ ಅಕ್ಕತಂಗಿಯರ ಖಾನಾವಳಿಯಲ್ಲಿ. ವರ್ಗವಾಗಿ ಹೋಗುವ ದಿನ ನನ್ನನ್ನು ಶಿವಲೀಲಕ್ಕನ ಕೈಗಿಟ್ಟು, ರೊಟ್ಟಿ ಬಡಿಯುವಾಗ ಜೊತೆಗಿರಲಿ ಎಂದರು.

ಎಂಥ ದಿನಗಳವು! ಒಲೆಯ ಬಿಸಿ, ನಾಲ್ಕು ಕೈಗಳ ತಟಪಟ, ನಡುವೆ ನನ್ನ ಹಾಡು, ಮೈತುಂಬ ಜೋಳದ ಹಿಟ್ಟು. ಆ ಅಡುಗೆಮನೆಯಲ್ಲೊಂದು ಕಟ್ಟಳೆ ಇತ್ತು. ಜೋಳ ಮಾರಲು ಯಾರೇ ಬರಲಿ, ಶಿವಲೀಲಕ್ಕ ಅದನ್ನೇ ಒಂದಿಷ್ಟು ಬೀಸಿ, ರೊಟ್ಟಿ ಬಡಿದು, “ಮೊದಲ ನೀ ಉಣ್ಣಪಾ,” ಎಂದು ಅವನಿಗೇ ಬಡಿಸುವಳು. ತಟ್ಟೆ ಖಾಲಿ ಮಾಡಿದರೆ ವ್ಯಾಪಾರ. ಹಸಿವಿಲ್ಲ ಎಂದವನು ಚೀಲ ಹೊತ್ತು ನಡೆಯಬೇಕು.

ಊಟದ ಹೊತ್ತಿಗೆ ಮುಂಚೆ ನನ್ನೊಳಗಿಂದ ಒಬ್ಬ ಹಣದ ಸಲಹೆಗಾರ ಮಾತಾಡುತ್ತಿದ್ದ. ತುಪ್ಪ ಸುರಿದಂಥ ದನಿ. ಆಗ ಖಾನಾವಳಿಯ ಬಾಡಿಗೆ ಕಟ್ಟಡ ಮಾರಾಟಕ್ಕಿತ್ತು. ಅದನ್ನು ಕೊಳ್ಳಲೆಂದೇ ಅಕ್ಕತಂಗಿಯರು ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ಗೋಡೆಗೆ ಹಾಕಿದ ದುಡ್ಡು ನಿದ್ದೆ ಹೊಡೆಯುತ್ತದೆ, ನಾನು ಹೇಳುವ ಯೋಜನೆಗೆ ಹಾಕಿದರೆ ದುಪ್ಪಟ್ಟಾಗುತ್ತದೆ ಎಂದು ಅವನು ಹೇಳಿದ್ದೇ ತಡ, ಗಿರಿಜವ್ವನ ತಲೆ ಕೆಟ್ಟಿತು. ಇಡೀ ಗಂಟು ಅದಕ್ಕೇ ಹಾಕೋಣವೆಂದು ಹಟ ಹಿಡಿದಳು. ರೇಡಿಯೊದಲ್ಲಿ ಯಾರಾದರೂ ಸುಳ್ಳು ಹೇಳುತ್ತಾರೆಯೇ ಎಂದಳು. ನನಗೆ ಸಂಕಟವೋ ಸಂಕಟ. ಬಾಯಿ ನನ್ನದು, ಮಾತು ನನ್ನದಲ್ಲವಲ್ಲ!

ಶಿವಲೀಲಕ್ಕ ಬೈಯಲಿಲ್ಲ. ಅವನ ಮಾತಿಗೆ ಮೊದಲೂ ಆ ಯೋಜನೆಯ ಕಂಪನಿಯದೇ ಜಾಹೀರಾತು, ಮುಗಿದ ಮೇಲೂ ಅದೇ, ಕೇಳಿಸಿಕೊಂಡೆಯಾ ಎಂದಳು. ತಂಗಿ ಒಪ್ಪಲಿಲ್ಲ. ಮರುದಿನ ಅಕ್ಕ ಕೈತೊಳೆದು ಆ ಕಾರ್ಯಕ್ರಮಕ್ಕೇ ಫೋನು ಹಚ್ಚಿದಳು. ರೇಡಿಯೊ ಸಣ್ಣ ಮಾಡಿ ಎಂದು ಆ ಕಡೆಯಿಂದ ಹೇಳಿದರು. ಗಿರಿಜವ್ವ ನನ್ನ ದನಿ ತಗ್ಗಿಸಿ ಕಿವಿಗೆ ಹಿಡಿದಳು. ಅಕ್ಕನ ದನಿ ನನ್ನ ಎದುರಿಗೂ, ನನ್ನ ಹೊಟ್ಟೆಯೊಳಗೂ!

“ನೀವು ನಿಮ್ಮ ಸ್ವಂತ ರೊಕ್ಕಾ ಇದರಾಗ ಹಾಕೀರೇನ್ರೀ?”

ಅವನು ನಕ್ಕ. ಒಳ್ಳೆಯ ಪ್ರಶ್ನೆ ಎಂದ. ಬೆಲೆಯೇರಿಕೆ ಎಂದ, ಮಾರುಕಟ್ಟೆ ಎಂದ. ಅಕ್ಕ ಎಲ್ಲ ಕೇಳಿಸಿಕೊಂಡು ಮತ್ತೆ ಅದನ್ನೇ ಕೇಳಿದಳು. ಅಷ್ಟಕ್ಕೇ ಕರೆ ಕಡಿದು ಹಾಡು ಹಾಕಿದರು.

ಹಾಡು ಮುಗಿಯುವವರೆಗೂ ಗಿರಿಜವ್ವ ನನ್ನನ್ನು ಹಿಡಿದೇ ಕೂತಿದ್ದಳು. ಕೊನೆಗೆ, “ಹಸಿವಿಲ್ಲ ಅಂದಂಗಾತು,” ಎಂದು ಹಿಟ್ಟಿಗೆ ಕೈಹಾಕಿದಳು.

ಆ ವರ್ಷ ಕಟ್ಟಡ ಅವರದಾಯಿತು. ಆ ಯೋಜನೆ ಮುಳುಗಿತೋ ತೇಲಿತೋ, ನನಗಂತೂ ಯಾರೂ ಹೇಳಲಿಲ್ಲ.

ಈಗ ನನಗೆ ವಯಸ್ಸಾಯಿತು. ಗುಂಡಿ ಸಡಿಲ, ಒಳಗೆಲ್ಲ ಬರೀ ಗೊರಗೊರ. ಉಪ್ಪಿನ ಜಾಡಿಯ ಪಕ್ಕದ ಗೂಡಿನಲ್ಲಿ ಕೂತಿದ್ದೇನೆ. ಶಿವಲೀಲಕ್ಕ ತೀರಿಕೊಂಡು ಬಹಳ ಕಾಲವಾಯಿತು. ಈಗ ಎರಡೇ ಕೈಗಳ ಸಪ್ಪಳ. ಇನ್ನೆರಡು ಕೈ ನೆನೆದು ಜೀವ ಹಿಂಡುತ್ತದೆ. ಗಿರಿಜವ್ವ ಹಾಡು ಕೇಳುವುದು ಮೊಬೈಲಿನಲ್ಲಿ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ!

ಮೊನ್ನೆ ಆ ಮೊಬೈಲಿನೊಳಗಿಂದ ಇನ್ನೊಬ್ಬ ತುಪ್ಪದ ದನಿಯವನು ದುಡ್ಡು ದುಪ್ಪಟ್ಟು ಮಾಡುವ ದಾರಿ ಹೇಳತೊಡಗಿದ. ಗಿರಿಜವ್ವ ಈ ಸಲ ಕೈ ನಿಲ್ಲಿಸಲೇ ಇಲ್ಲ. ಬಡಿಯುತ್ತಲೇ ಹೇಳಿದಳು:

“ಮೊದಲ ನೀ ಉಣ್ಣಪಾ.”

ಅಕ್ಕನ ದನಿ ಅಷ್ಟು ಸ್ಪಷ್ಟವಾಗಿ ನನ್ನಿಂದಲೂ ಬಂದಿರಲಿಲ್ಲ.