ತೊಟ್ಟಿಲು ಕೇಳಿದ ಒಂದಕ್ಷರ

ನಾನು ಒಂದು ತೊಟ್ಟಿಲು. ಹುಟ್ಟಿದ್ದು ಕಲಘಟಗಿಯಲ್ಲಿ. ಸಾಗವಾನಿ ಮೈ, ಅರಗಿನ ಬಣ್ಣ. ನನಗೆ ಚಿತ್ರ ಬರೆದ ಮಾರುತೆಪ್ಪನವರಿಗೆ ಮಾತು ಜಾಸ್ತಿ. ಮಾತಿನ ಭರದಲ್ಲಿ ಕೃಷ್ಣನನ್ನು ಅಗಲವಾಗಿ ಬರೆದುಬಿಟ್ಟರು, ಪಕ್ಕದ ಗಿಳಿಯ ಬಾಲಕ್ಕೆ ಜಾಗವೇ ಉಳಿಯಲಿಲ್ಲ. "ಇರ್ಲಿ ಬಿಡ್ರಿ, ಕೂಸೇನ್ ಬಾಲ ಅಳೀತೈತೇನು?" ಅಂತ ಹೆಂಡತಿ ನಕ್ಕರು. ಆ ಮೋಟು ಗಿಳಿ ಈಗಲೂ ನನ್ನ ಬಲಮಗ್ಗುಲಲ್ಲಿದೆ.

ಮೊದಲ ಮನೆ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಇಂದ್ರವ್ವ ಎಂಬ ಚೊಚ್ಚಲ ಬಾಣಂತಿಗೆ ತವರಿನವರು ನನ್ನನ್ನು ಕೊಟ್ಟಿದ್ದರು. ನನ್ನ ಮಡಿಲಿಗೆ ಮೊದಲು ಬಂದದ್ದು ಕೂಸಲ್ಲ, ಕಲ್ಲು. ನಗಬೇಡಿ! ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಗುಂಡುಕಲ್ಲಿಗೆ ಖಣ ಸುತ್ತಿ, ಮೊದಲು ಅದನ್ನೇ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. "ಈ ಗುಂಡಪ್ಪ ಭಾಳ ಶಾಣ್ಯಾ ಅದಾನವಾ, ಅಳೂದ ಇಲ್ಲ!" ಅಂತ ಯಾರೋ ಅಂದರು, ಹೆಂಗಸರೆಲ್ಲ ನಕ್ಕರು. ಆಮೇಲೆ ಕಲ್ಲನ್ನು ತೆಗೆದು ಹೆಣ್ಣುಕೂಸನ್ನು ಮಲಗಿಸಿದರು.

"ಜೋ... ಜೋ..."

ಇಂದ್ರವ್ವನ ದನಿ ಕೊಂಚ ಒಡಕು. ಜೋ ಅಂದು ಕೊನೆಗೆ ಒಂದು ಉಸಿರು ಎಳೆಯುತ್ತಿದ್ದಳು. ಮಗು ನಿದ್ದೆ ಹೋಗುತ್ತಿತ್ತು. ಜೋ ಅನ್ನುವುದು ನನ್ನದೇ ಹೆಸರು ಅಂತ ನಾನು ತಿಳಿದುಕೊಂಡೆ.

ಕೂಸು ಮಳೆಗಾಲ ದಾಟಲಿಲ್ಲ. ಜ್ವರ ಬಂತು, ದವಾಖಾನೆಗೆ ಒಯ್ದರು, ಬರಿಗೈಯಲ್ಲಿ ಬಂದರು. ಅಂದಿನಿಂದ ಇಂದ್ರವ್ವನ ಬಾಯಲ್ಲಿ ಆ ಸದ್ದು ಹೊರಡಲಿಲ್ಲ. ಒಂದು ಸಂಜೆ ನನ್ನ ಸರಪಳಿ ಹಿಡಿದಳು. "ಖಾಲಿ ತೊಟ್ಟಲಾ ತೂಗಬಾರದವಾ" ಅಂತ ಅತ್ತೆ ಒಳಗಿನಿಂದ ಕೂಗಿದರು. ಕೈ ತೆಗೆದಳು. ಅತ್ತೆ ನನ್ನನ್ನು ಒಲೆಗೆ ಹಾಕಬೇಕೆಂದು ಹೊರಟಾಗ ಮಾತ್ರ ಅಡ್ಡ ನಿಂತಳು. "ಸುಡಬ್ಯಾಡ್ರಿ. ಯಾರದರ ಕೂಸು ಮಲಗಲಿ."

ಹಾಗೆ ನಾನು ಎದುರಿನ ಸಾಮಿಲ್ಲಿನ ಗುಜರಾತಿ ಪಟೇಲರ ಮನೆಗೆ ಹೋದೆ. ಸೊಸೆ ಹಂಸಾಬೆನ್ ತುಂಬು ಬಸುರಿ. ಮಗು ಹೋದ ತೊಟ್ಟಿಲು ನಮಗೆ ಬೇಡ ಅಂತ ಅವಳ ಅತ್ತೆ ಹಟ ಹಿಡಿದರು.

"ಬಾ, ಮರ ಏನು ಮಾಡಿತು?" ಅಂದಳು ಹಂಸಾಬೆನ್.

ಗುಜರಾತಿನವರು ಅತ್ತೆಯನ್ನು ಬಾ ಅಂತಾರಂತೆ. ನಾನೋ, ಇಂದ್ರವ್ವನನ್ನೇ ಒಳಗೆ ಕರೆದರು ಅಂದುಕೊಂಡು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

ಗಂಡುಕೂಸು ಬಂತು. ಹಂಸಾಬೆನ್ ಬಗ್ಗಿ, "ಜೋ, ಜೋ! ಪೋಪಟ್ ಜೋ!" ಅಂದಾಗ ನನಗೆ ಹಿಗ್ಗೋ ಹಿಗ್ಗು. ಇಲ್ಲಿಯೂ ನನ್ನ ಹೆಸರು ಗೊತ್ತಿದೆಯಲ್ಲ! ಆದರೆ ಮಗು ಮಲಗಲಿಲ್ಲ, ಮೋಟು ಗಿಳಿಯನ್ನು ಪಿಳಿಪಿಳಿ ನೋಡಿತು. ಅವರಲ್ಲಿ ಪೋಪಟ್ ಅಂದರೆ ಗಿಳಿ, ಜೋ ಅಂದರೆ ನೋಡು. ಅದೇ ಸದ್ದು ಆ ಮನೆಯಲ್ಲಿ ಕಣ್ಣು ಮುಚ್ಚಿಸುತ್ತಿತ್ತು, ಈ ಮನೆಯಲ್ಲಿ ಬಿಡಿಸುತ್ತದೆ. ಎಣ್ಣೆ ಹಚ್ಚಲು ಬರುತ್ತಿದ್ದ ಮರಾಠಿ ಆಯಾ ಶೇವಂತಾಬಾಯಿಯ ಜೋ ಇನ್ನೊಂದು ತರಹ. "ಜೋ ಯೇತೋ, ತೋ ಹಾತ್ ಲಾವತೋ!" ಅಂತ ಗೊಣಗುವಳು. ಬಂದವರೆಲ್ಲ ಕೂಸನ್ನು ಮುಟ್ಟುತ್ತಾರೆ ಅಂತ ಅವಳಿಗೆ ಸಿಟ್ಟು. ಅವಳ ಜೋ ಅಂದರೆ ಯಾವನೋ, ಯಾರು ಬಂದರೆ ಅವನು.

ಬರಬೇಕಾದವಳೊಬ್ಬಳು ಬರಲಿಲ್ಲ. ಒಮ್ಮೆ ಹಂಸಾಬೆನ್ ಅವಳನ್ನು ಕೈಹಿಡಿದು ಹೊಸ್ತಿಲವರೆಗೆ ಕರೆತಂದಳು. "ಒಂದ್ಸಲ ನೀವೇ ತೂಗಿ, ಇಂದ್ರಾಬೆನ್."

"ಬ್ಯಾಡ್ರೀ. ನನ್ನ ಕೈ ಬ್ಯಾಡ."

ಮನೆ ತುಂಬ ಮಾತಿತ್ತು, ಮೈ ತುಂಬ ಮಗುವಿತ್ತು. ಆದರೂ ಆ ಒಡಕು ದನಿಗಾಗಿ ನನ್ನ ಕಿವಿ ಕಾದೇ ಇತ್ತು.

ಮಗು ನಡೆಯಲು ಕಲಿತ ಮೇಲೆ ಬಹಳ ಕಾಲ ಅಟ್ಟದ ಮೇಲಿದ್ದೆ. ಪಟೇಲರು ಊರು ಬಿಡುವಾಗ ನನ್ನನ್ನು ಹಳೇ ಸಾಮಾನಿನ ಅಂಗಡಿಗೆ ಹಾಕಿದರು. ನನ್ನನ್ನು ತೊಲೆಗೆ ತೂಗುಹಾಕಿದ ಅಂಗಡಿಯ ಲೇಖರಾಜ್ ಸಿಂಧಿಯವರು. ಅವರೂ ಅವರ ತಮ್ಮನೂ ದಿನವಿಡೀ ಫೋನಿನಲ್ಲಿ ಜಗಳ: "ಮುಂಹಿಂಜೋ! ತುಂಹಿಂಜೋ!" ನನ್ನದು, ನಿನ್ನದು ಅಂತ. ಇವರ ಜೋ ಯಾರದು ಅನ್ನುವುದನ್ನು ಹೇಳುತ್ತದೆ, ಬಾಲದ ಹಾಗೆ ಮಾತಿನ ಹಿಂದೆ ಅಂಟಿಕೊಂಡು. ಹಾಗಾದರೆ ನಾನು ಯಾರದು? ಮುರುಕು ಕುರ್ಚಿ, ನಿಂತ ಗಡಿಯಾರಗಳ ನಡುವೆ ಇದನ್ನೇ ಕೇಳಿಕೊಂಡೆ. ಒಬ್ಬ ಹೋಟೆಲಿನವನು ಬಂದು, ನನ್ನೊಳಗೆ ಟವೆಲ್ಲು ಜೋಡಿಸಿದರೆ ಚಂದ ಅಂದು ಹೋದ.

ಮೊನ್ನೆ ಕೈಚೀಲ ಹಿಡಿದ ಮುದುಕಿಯೊಬ್ಬಳು ಅಂಗಡಿಯ ಮುಂದೆ ದಾಟಿ ಹೋಗಿ, ಮತ್ತೆ ಹಿಂದಕ್ಕೆ ಬಂದಳು. ನನ್ನ ಬಲಮಗ್ಗುಲಿಗೆ ಬಗ್ಗಿದಳು.

"ಯವ್ವಾ... ಬಾಲ ಇಲ್ಲದ ಗಿಣಿ."

ದನಿ ಇನ್ನೂ ಒಡೆದಿತ್ತು.

"ಆಂಟಿಕ್ ಪೀಸ್ ಅಮ್ಮಾ, ಬೇಕಾ?" ಅಂದರು ಲೇಖರಾಜ್.

"ಎಲ್ಲಿಡ್ಲಿ ಯಪ್ಪಾ, ಒಂದ ಖೋಲಿ ಮನಿ."

ಹೋಗಲಿಲ್ಲ. ಸರಪಳಿಗೆ ಕೈ ಇಟ್ಟಳು. ತಡೆದಳು. ನಾನು ಖಾಲಿ ಇದ್ದೆನಲ್ಲ. ಅತ್ತೆ ಎಂದೋ ತೀರಿಕೊಂಡಿರಬೇಕು, ಆದರೂ ಕೈ ಹಿಂದೆ ಸರಿಯಿತು. ಸುತ್ತ ನೋಡಿದಳು. ಮೂಲೆಯಲ್ಲಿ ಹಳೆಯ ಒರಳು, ಗುಂಡುಕಲ್ಲುಗಳ ರಾಶಿ. ಒಂದನ್ನು ಆರಿಸಿ ಎದೆಗವಚಿಕೊಂಡು ತಂದಳು. ಚೀಲದಲ್ಲಿದ್ದ ಟವೆಲ್ ಸುತ್ತಿ, ನನ್ನಲ್ಲಿ ಮೆಲ್ಲಗೆ ಮಲಗಿಸಿದಳು.

"ಅಮ್ಮಾ, ಕಲ್ಲು ಯಾಕೆ ಅದರಲ್ಲಿ?"

"ಸುಮ್ಕಿರಪಾ. ಮಲಗತೈತಿ."

ತೂಗಿದಳು. ಎಷ್ಟೋ ವರ್ಷದ ಮೇಲೆ ನನ್ನ ಸರಪಳಿ ಕಿರ್ರೆಂದಿತು.

"ಜೋ..." ಅಂದಳು. ಕೊನೆಗೆ ಒಂದು ಉಸಿರು ಎಳೆದಳು.

ಇಷ್ಟು ಮನೆಗಳಲ್ಲಿ ಇಷ್ಟು ಅರ್ಥ ಕಲಿತ ನಾನು ಆ ಹೊತ್ತು ಯಾವುದನ್ನೂ ನೆನೆಯಲಿಲ್ಲ. ಸುಮ್ಮನೆ ತೂಗಿದೆ.

ಅವಳು ಟವೆಲ್ ಬಿಟ್ಟೇ ಹೋದಳು. ಮತ್ತೆ ಬಂದಿಲ್ಲ. ಬೀದಿಯಲ್ಲಿ ಕೈಚೀಲ ಹಿಡಿದವರು ಹಾದರೆ ಈಗಲೂ ನೋಡುತ್ತೇನೆ. ಲೇಖರಾಜ್ ಕಲ್ಲನ್ನು ತೆಗೆದಿಲ್ಲ. ತಮ್ಮನ ಫೋನು ಬಂದರೆ ಈಗ ಬಾಗಿಲಾಚೆ ಹೋಗಿ ಜಗಳವಾಡುತ್ತಾರೆ.