ತಾಯಿಯ ಹೆಸರಿನ ಬೀಗ

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಮುಕ್ರಮ ಅಂಗಡಿ ತೆಗೆಯುವ ಮೊದಲೇ ಜನ ಬಂದು ಕೂತಿರುತ್ತಾರೆ. ಯಾರಿಗೋ ಪಹಣಿ ಬೇಕು, ಯಾರಿಗೋ ಮಗಳ ಪರೀಕ್ಷೆಯ ಫಲಿತಾಂಶ. ಊರಿಗೆ ಇಂಟರ್ನೆಟ್ ತಂದವನೇ ಇವನು. ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರಿ ಬಿಟ್ಟು ಕಂಪ್ಯೂಟರ್ ಇಟ್ಟುಕೊಂಡು ಕೂತಾಗ ಮನೆಯವರೇ ತಲೆ ಕೆಟ್ಟಿದೆ ಅಂದಿದ್ದರು. ಈಗ ಚಿತ್ತಾಪುರದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಆ ದಿನ ಕಪಿಲ ಸಾಲಿನಲ್ಲಿ ನಿಲ್ಲಲಿಲ್ಲ. ಶಹಾಬಾದದ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಾರ್ಖಾನೆಯಿಂದ ನೇರ ಬಂದಿದ್ದ. ಕೂದಲಲ್ಲಿ ಕಲ್ಲಿನ ಪುಡಿ ಹಾಗೇ ಇತ್ತು. ಅಕ್ಕ ಲುಂಬಿನಿ ನರ್ಸಿಂಗ್ ಓದಲಿ ಎಂದು ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟು ಕಲ್ಲು ಹೊತ್ತವನು. ಅಕ್ಕ ಓದಿ ಮುಗಿಸಿದಳು. ಸೇಡಂನ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಅಷ್ಟರಲ್ಲಿ ಕಿರಾಣಿ ಅಂಗಡಿಯ ರೇವಣಪ್ಪನ ಮಗ ಅಶೋಕಕುಮಾರ ಅಡ್ಡ ಬಂದ. ರೈಲಿನಲ್ಲಿ ಬೆನ್ನು ಹತ್ತಿದ್ದಕ್ಕೆ ಲುಂಬಿನಿ ಎಲ್ಲರೆದುರು ಬೈದಿದ್ದಳು. ಆ ಸಿಟ್ಟಿಗೆ, ಯಾವಳೋ ಬೆತ್ತಲೆ ಹೆಂಗಸಿನ ಮೈಗೆ ಲುಂಬಿನಿಯ ಮುಖ ಅಂಟಿಸಿ ತನ್ನ ಜಾಲತಾಣದ ಖಾತೆಯಿಂದಲೇ ಹರಿಬಿಟ್ಟ. ಹೆಸರು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಇವರೇನು ಮಾಡಿಯಾರು ಎಂಬ ಸೊಕ್ಕು. ಊರೆಲ್ಲ ನೋಡಿತು, ನೋಡಿದವರು ಮುಂದಕ್ಕೆ ಕಳಿಸಿದರು. ಲುಂಬಿನಿ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಆಸ್ಪತ್ರೆಯವರು ಎರಡು ಸಲ ಫೋನ್ ಮಾಡಿ ಸುಮ್ಮನಾದರು.

ಕಪಿಲನಿಗೆ ಬೇಕಾದದ್ದು ಒಂದೇ. ಅಶೋಕಕುಮಾರನಿಗೂ ತಂಗಿಯಿದ್ದಾಳೆ, ಶಿವರಂಜನಿ. ಅವಳ ಮುಖವೂ ಹಾಗೇ ಊರು ತಿರುಗಬೇಕು, ಅಣ್ಣನ ಖಾತೆಯಿಂದಲೇ ತಿರುಗಬೇಕು.

"ಅವನ ಖಾತೆ ನೀವೇ ಮಾಡಿಕೊಟ್ಟೀರಿ ಚಾಚಾ. ತೆಗೀರಿ."

ಮುಕ್ರಮ ಅವನನ್ನು ಒಳಗೆ ಕೂಡಿಸಿ, ಬೇಡವೆಂದು ಸಮಾಧಾನ ಹೇಳಿದ. ಕಪಿಲ ಬಗ್ಗಲಿಲ್ಲ. ಈ ದರಿದ್ರವನ್ನು ಊರಿಗೆ ತಂದವರೇ ನೀವು, ನನಗೆ ಬುದ್ಧಿ ಹೇಳಬೇಡಿ ಎಂದ.

"ತಂದೀನಿ, ಇಲ್ಲ ಅನ್ನಂಗಿಲ್ಲ," ಎಂದ ಮುಕ್ರಮ. "ಆವಾಗ ನೆಟ್ ನಿಧಾನ, ಒಂದು ಫೋಟೋ ಹೋಗಬೇಕಂದ್ರ ಹೊರಗ ಹೋಗಿ ಚಹಾ ಕುಡಿದು ಬರ್ತಿದ್ದಿವಿ. ಅಷ್ಟರೊಳಗ ಎಷ್ಟೋ ಮಂದಿ, ಬ್ಯಾಡ ಬಿಡ್ರಿ ಚಾಚಾ, ಬಂದ್ ಮಾಡ್ರಿ ಅಂದಿದ್ದು ಅದ. ಈಗ ಸಿಟ್ಟು ಇಳಿಯೋಕಿಂತ ಮೊದಲೇ ಹೋಗಿ ಮುಟ್ಟಿರ್ತದ."

"ನನ್ನ ಸಿಟ್ಟು ಇಳಿಯಂಗಿಲ್ಲ. ಬೇಕಾದ್ರ ಹತ್ತು ಚಹಾ ಕುಡಸ್ರಿ."

ಕಪಿಲ ಎದ್ದು ಹೊರಬಿದ್ದ. ಆಗ ನೆನಪಾಯಿತು, ಮುಕ್ರಮನ ಪದ್ಧತಿ ಸುತ್ತಲಿನ ಊರಿಗೆಲ್ಲ ಗೊತ್ತು. ಖಾತೆ ತೆರೆದುಕೊಟ್ಟವರಿಗೆಲ್ಲ ಅವರವರ ತಾಯಿಯ ಹೆಸರನ್ನೇ ಪಾಸ್‌ವರ್ಡ್ ಇಡುತ್ತಿದ್ದ. ಅದೊಂದನ್ನು ಯಾರೂ ಮರೆಯುವುದಿಲ್ಲ ಎಂಬುದು ಅವನ ನಂಬಿಕೆ. ಯಾರೂ ಅದನ್ನು ಬದಲಿಸುತ್ತಲೂ ಇರಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು ಕಪಿಲ ತನ್ನ ಫೋನಿನಲ್ಲಿ ಅಶೋಕಕುಮಾರನ ತಾಯಿ ಗುರುಲಿಂಗಮ್ಮನ ಹೆಸರು ಒತ್ತಿದ. ಖಾತೆ ತೆರೆಯಿತು.

ಪಂಚಮಿಯ ಜೋಕಾಲಿಯಲ್ಲಿ ಶಿವರಂಜನಿ ನಗುತ್ತಿದ್ದ ಫೋಟೋ ಅಲ್ಲೇ ಇತ್ತು. ಮುಖ ಕತ್ತರಿಸಿ ಅಂಟಿಸಲು ಹೊತ್ತು ಹಿಡಿಯಲಿಲ್ಲ. ಆದರೆ ಕೂಡಲೇ ಹರಿಬಿಡಲಿಲ್ಲ. ಮೊದಲು ಅಕ್ಕ ನೋಡಬೇಕು, ನೋಡಿ ಅವಳ ಹೊಟ್ಟೆ ತಣ್ಣಗಾಗಬೇಕು.

ಲುಂಬಿನಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ಅವಳು ನೋಡುತ್ತಲೇ ಇದ್ದಳು.

"ಈ ಮೈ ಎಲ್ಲಿಂದ ತಂದಿ?"

ಬೇರೆ ಮೈ ಹುಡುಕುವ ತಾಳ್ಮೆ ಕಪಿಲನಿಗಿರಲಿಲ್ಲ. ಅಶೋಕಕುಮಾರ ಬಿಟ್ಟಿದ್ದ ಚಿತ್ರದಲ್ಲೇ ಮುಖ ಬದಲಿಸಿದ್ದ.

"ಕಣ್ಣು ಮುಚ್ಚಿದ್ರ ನನಗ ಇದೇ ಮೈ ಕಾಣಸ್ತದ, ಕಪಿಲ್. ನೀ ಬರೇ ಮುಖ ತೆಗದಿ. ಇದರ ಕೆಳಗ ನಾನೇ ಇದ್ದೀನಿ. ಮಂದಿ ಇದನ್ನ ನೋಡಿದ್ರ ಮತ್ತ ಯಾರ್ ನೆನಪಾಗ್ತಾರ?"

"ಹಂಗಾರ ಅವನ್ನ ಬಿಟ್ಟುಬಿಡಬೇಕೇನು?"

"ಬಿಡು ಅಂತ ಯಾರಂದ್ರು? ನಿನಗಿಂತ ಹೆಚ್ಚು ನನಗ ಸೇಡು ಬೇಕಾಗೇದ. ಆದ್ರ ಅವನ ಮ್ಯಾಲ. ಆ ಹುಡುಗಿ ಏನ್ ಮಾಡ್ಯಾಳ?"

ಕಪಿಲ ಗೋಡೆಗೆ ಮುಖ ಮಾಡಿ ನಿಂತ. ಆಮೇಲೆ ಅವಳ ಕಣ್ಣೆದುರೇ ತಾನು ಮಾಡಿದ ಚಿತ್ರ ಅಳಿಸಿದ. ಅಶೋಕಕುಮಾರ ಹಾಕಿದ್ದನ್ನು ಮಾತ್ರ ಮುಟ್ಟಬೇಡ, ಪೊಲೀಸರಿಗೆ ಬೇಕು ಎಂದಳು ಲುಂಬಿನಿ. ಒಲೆ ಆರಿಸಿ ಚಪ್ಪಲಿ ಮೆಟ್ಟಿದಳು. ಕಪಿಲ ಅವಳ ಹಿಂದೆ ಹೊರಟ.

ಮುಕ್ರಮನ ಅಂಗಡಿಗೆ ಬಂದು ಅವಳು ಕೇಳಿದ್ದು ಇಷ್ಟೇ: ಆ ಖಾತೆ ಯಾರದೆಂದು ಠಾಣೆಗೆ ಬಂದು ಹೇಳುವಿರಾ? ಮುಕ್ರಮ ಗೋಡೆಗಳನ್ನು ನೋಡಿದ. ಅಂಗಡಿಯ ಜಾಗ ರೇವಣಪ್ಪನದು. ನಾಳೆಯೇ ಖಾಲಿ ಮಾಡು ಅಂದರೂ ಅನ್ನಬಹುದು.

"ಮಂದಿಗಿ ಉಪಯೋಗ ಆಗ್ತದಂತ ನೌಕರಿ ಬಿಟ್ಟೀನಿ ಬೇಟಾ. ಇವತ್ತು ಹಿಂದ ಸರದ್ರ ಅದು ಬಿಟ್ಟಿದ್ದೇ ದಂಡ." ಕಾಯುತ್ತಿದ್ದವರಿಗೆ ನಾಳೆ ಬರ್ರಿ ಎಂದು ಶಟರ್ ಎಳೆದ.

ಠಾಣೆಯ ದಾರಿಯಲ್ಲೇ ರೇವಣಪ್ಪನ ಕಿರಾಣಿ ಅಂಗಡಿ. ಅಶೋಕಕುಮಾರ ತೊಗರಿಬೇಳೆ ತೂಗುತ್ತಿದ್ದ. ಲುಂಬಿನಿ ಅಲ್ಲಿ ನಿಂತಳು. ಅವನು ತಂದೆಯತ್ತ ಒಮ್ಮೆ ಕಳ್ಳನೋಟ ಬೀರಿ ದನಿ ತಗ್ಗಿಸಿದ.

"ಚೇಷ್ಟಾಕ್ಕ ಮಾಡೀನಿ. ಇಷ್ಟು ದೊಡ್ಡದ್ಯಾಕ ಮಾಡ್ಲಿಕತ್ತೀದಿ? ಅಳಸಿಬಿಡ್ತೀನಿ, ಹೋಗು."

ಗಾದಿಯ ಮೇಲಿದ್ದ ರೇವಣಪ್ಪ ವಿಭೂತಿಯ ಹಣೆ ಗಂಟಿಕ್ಕಿ, ಏನದು ಚೇಷ್ಟೆ ಎಂದು ಕೇಳಿದ.

"ನಾ ಠಾಣಾಕ್ಕ ಹೊಂಟೀನಿ," ಎಂದಳು ಲುಂಬಿನಿ. "ಅಲ್ಲಿ ನಾ ಹೇಳ್ತೀನಿ. ಇಲ್ಲಿ ನಿಮ್ಮಪ್ಪ ಕೇಳ್ಲಿಕತ್ತಾರ. ನೀ ಹೇಳು."

ಬೇಳೆಗೆ ಬಂದವರೆಲ್ಲ ತಿರುಗಿ ನೋಡಿದರು. ಲುಂಬಿನಿ ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ. ಕಪಿಲ ಮುಷ್ಟಿ ಬಿಗಿದು ಮುಂದೆ ಹೋದ. ಅವಳು ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಅಂಗಡಿಯ ಕಟ್ಟೆಯ ಮೇಲೆ ಕೂತಳು. ಅಶೋಕಕುಮಾರ ಅಪ್ಪನೆದುರು ಬಾಯಿ ಬಿಡುವವರೆಗೆ ಕಾಯಲು ತಯಾರಿದ್ದಳು, ಅವಳಿಗೆ ಯಾವ ಅವಸರವೂ ಇರಲಿಲ್ಲ.