ಮೇಜಿನ ಆ ಕಡೆ

ಕ್ರಿಸ್‌ಮಸ್ ಅಂದರೆ ದೇವರಿಗೆ ಹುಟ್ಟುಹಬ್ಬ, ದರ್ಜಿಗೆ ಸಾವು ಎಂದು ದರ್ಜಿಯಮ್ಮನ ಗಂಡ ಪ್ರತಿವರ್ಷ ಹೇಳುತ್ತಿದ್ದ. ಹೇಳಿ ತಾನೇ ನಗುತ್ತಿದ್ದ. ಈ ವರ್ಷ ಹೇಳಲು ಅವನಿರಲಿಲ್ಲ. ಜೂನ್ ತಿಂಗಳಲ್ಲಿ ನಾಲ್ಕು ದಿನ ಜ್ವರವೆಂದು ಮಲಗಿದವನು ಏಳಲೇ ಇಲ್ಲ.

ಡಿಸೆಂಬರ್ ಹುಟ್ಟಿದಾಗಿನಿಂದ ದರ್ಜಿಯಮ್ಮನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಐವತ್ತೆರಡು ಉಡುಪುಗಳು ಬಂದು ಬಿದ್ದಿದ್ದವು. ಎಲ್ಲರಿಗೂ ಹಬ್ಬದ ಹಿಂದಿನ ದಿನವೇ ಬೇಕು, ಎಲ್ಲರಿಗೂ ಸೊಂಟ ಸಣ್ಣಗೆ ಕಾಣಬೇಕು. ಹೊಲಿಯುವವಳ ಸೊಂಟ ಮುರಿದರೆ ಯಾರಿಗೇನು? ಅವಳು ಗಾಣದೆತ್ತಿನ ಹಾಗೆ ಮೆಷಿನ್ ತುಳಿದಳು. ಕೆಲಸ ಮಾಡಿದರೆ ದುಃಖ ಮರೆಯುತ್ತದೆ ಎಂದು ಜನ ಹೇಳಿದ್ದರು. ಜನಕ್ಕೇನು, ಹೇಳುತ್ತಾರೆ. ಅವಳಿಗೆ ದುಃಖ ಮರೆಯಲಿಲ್ಲ, ಪ್ರಾರ್ಥನೆ ಮರೆತುಹೋಯಿತು. ಮಲಗುವಾಗ ಕೈ ಜೋಡಿಸಿದರೆ 'ಎದೆ ಮೂವತ್ತಾರು, ತೋಳು ಹದಿನೆಂಟು' ಎಂದು ಬಾಯಿಗೆ ಬರುತ್ತಿತ್ತು. ಜೂನ್‌ನಿಂದ ಅವಳು ಒಂದು ಹನಿ ಅತ್ತಿರಲೂ ಇಲ್ಲ.

ಹಬ್ಬದ ಬೆಳಗ್ಗೆ ಚರ್ಚಿಗೆ ಹೊರಡುವಾಗ ಅವಳು ಗಟ್ಟಿ ಮನಸ್ಸು ಮಾಡಿದಳು. ಇವತ್ತೂ ದೇವರಿಗೆ ಹೇಳಲು ಒಂದು ಮಾತು ಬರದಿದ್ದರೆ ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ. ಕಣ್ಣು ಮುಚ್ಚಿ ಕೂತು ದೇವರಿಗೂ ಊರಿಗೂ ನಾಟಕ ಆಡುವುದು ಅವಳ ಜಾಯಮಾನವಲ್ಲ.

ಮುಂದಿನ ಬೆಂಚಿನಲ್ಲಿ ಗಂಡನ ತಂಗಿ ಇದ್ದಳು. ಶಾಲೆಯ ಟೀಚರು. ಮಕ್ಕಳಿಗೆ ಹಬ್ಬದ ಹಾಡು ಕಲಿಸಿ ಕಲಿಸಿ ಗಂಟಲು ಕಟ್ಟಿಹೋಗಿತ್ತು. ಮೈಮೇಲಿನ ನೀಲಿ ಗೌನು ಅತ್ತಿಗೆಯೇ ಹೊಲಿದದ್ದು. ಅಣ್ಣ ಹೋದಮೇಲೆ ಅತ್ತಿಗೆ ನಾದಿನಿ ಇಬ್ಬರೂ ಅಳತೆಯ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಬಾಯಿ ಬಿಟ್ಟರೆ ಎಲ್ಲಿ ಅವನ ಹೆಸರು ಬರುತ್ತದೋ ಎಂದು ಇಬ್ಬರಿಗೂ ಭಯ.

ಪಾದ್ರಿಗಳು ಪ್ರಾರ್ಥನೆಗೆ ಕರೆದರು. ಎಲ್ಲರೂ ಮೊಣಕಾಲೂರಿದರು. ದರ್ಜಿಯಮ್ಮ ಕಣ್ಣು ಮುಚ್ಚಿ ಕಾದಳು. ಏನೂ ಬರಲಿಲ್ಲ. ಸಾಕಾಗಿ ಕಣ್ಣು ಬಿಟ್ಟಳು. ಬೆಂಚಿನ ಸಂದಿಯಲ್ಲಿ, ಮೂಗಿನ ನೇರಕ್ಕೆ, ನಾದಿನಿಯ ಗೌನಿನ ಕೆಳ ಅಂಚು ಒಂದು ಗೇಣು ಬಿಚ್ಚಿ ಜೋತುಬಿದ್ದಿತ್ತು. ಅದರಲ್ಲಿದ್ದದ್ದು ಬರೀ ಬಿಳಿ ದಾರದ, ತಾತ್ಕಾಲಿಕವಾಗಿ ಹಿಡಿದಿಡಲು ಹಾಕುವ ಕಚ್ಚಾ ಹೊಲಿಗೆ.

ಕಚ್ಚಾ ಹೊಲಿಗೆಯ ಬಟ್ಟೆ ಅವಳ ಅಂಗಡಿಯ ಹೊಸ್ತಿಲು ದಾಟಿದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ದಾರ ಪೋಣಿಸಿದ ಸೂಜಿ ಅಭ್ಯಾಸಬಲದಿಂದ ಕಾಲರಿನಲ್ಲಿ ಇದ್ದೇ ಇತ್ತು. ಪಾದ್ರಿಗಳು ಲೋಕಕ್ಕೆಲ್ಲ ಶಾಂತಿ ಬೇಡುತ್ತಿದ್ದಾಗ ಅವಳು ಎಡಗೈಯಲ್ಲಿ ಅಂಚು ಹಿಡಿದು, ಎರಡೆಳೆ ದಾರದಲ್ಲಿ, ಸರಸರನೆ ಹೆಮ್ಮಿಂಗ್ ಮಾಡಿ ಮುಗಿಸಿದಳು.

ಆಮೆನ್ ಆಯಿತು. ಹಾಡಿಗೆಂದು ಎಲ್ಲರೂ ಎದ್ದರು. ನಾದಿನಿಯೂ ಎದ್ದಳು. ದರ್ಜಿಯಮ್ಮನ ಎಡಗೈ ಗೌನಿನ ಜೊತೆಗೇ ಎದ್ದಿತು.

"ಏನ್ ಅತ್ತಿಗೆ, ಯಾಕೆ ಎಳೀತೀರಿ?"

"ಏಳ್ಬೇಡ, ಕೂತ್ಕೋ. ನನ್ನ ಅಂಗಿ ತೋಳನ್ನೂ ಸೇರಿಸಿ ಹೊಲ್ದುಬಿಟ್ಟಿದ್ದೀನಿ."

ನಾದಿನಿ ಹಿಂದೆ ಬಗ್ಗಿ ನೋಡಿದಳು. ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ದರ್ಜಿಯಮ್ಮ ದಾರವನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಬಹುದಿತ್ತು, ಆದರೆ ಸಭೆಯ ನಡುವೆ ನಾದಿನಿಯ ಗೌನಿಗೆ ಬಾಯಿ ಹಾಕುವುದು ಹೇಗೆ? ಎಲ್ಲರೂ ನಿಂತು ಹಾಡುತ್ತಿರುವಾಗ ಇಬ್ಬರೇ ಕೂತರು.

"ಒಳ್ಳೇದೇ ಆಯ್ತು ಬಿಡಿ," ಎಂದಳು ನಾದಿನಿ ಒಡೆದ ದನಿಯಲ್ಲಿ. "ನಾನು ಹೀಗೆ ಕೂತು ಹದಿನೈದು ದಿನ ಆಗಿತ್ತು. ಆದ್ರೂ ನಿಮ್ಮ ಕೈ ದಾಟಿ ಹಿಂಗೆ ಬಂತಲ್ಲ, ಹೇಗೆ?"

ಹೇಗೆ? ದರ್ಜಿಯಮ್ಮ ನೆನಪು ಮಾಡಿಕೊಂಡಳು. ಅಂಗಡಿಯಲ್ಲಿ ಮೆಷಿನ್ ಅವಳದು, ಕೈಹೊಲಿಗೆ ಗಂಡನದು. ಅವಳು ಕಚ್ಚಾ ಹಾಕಿ, ತಲೆ ಎತ್ತದೆ, ಬಟ್ಟೆಯನ್ನು ಮೇಜಿನ ಆ ಕಡೆಗೆ ತಳ್ಳುವಳು. ಅವನು ಹೆಮ್ಮಿಂಗ್ ಮಾಡಿ ಮಡಿಸುವನು. ಆ ಕಡೆ ಇರುವ ಬಟ್ಟೆ ಅಂದರೆ ಮುಗಿದ ಬಟ್ಟೆ. ಈ ಸಲ ಐವತ್ತೊಂದನ್ನು ಅವಳೇ ಎಚ್ಚರದಿಂದ ಮುಗಿಸಿದ್ದಳು. ಕಡೆಯದು ಈ ನೀಲಿ ಗೌನು. ಕಣ್ಣು ಎಳೆಯುತ್ತಿತ್ತು. ಕಚ್ಚಾ ಹಾಕಿದವಳೇ ಆ ಕಡೆಗೆ ತಳ್ಳಿ ಎದ್ದುಹೋಗಿದ್ದಳು. ಮರುದಿನ ಅಲ್ಲಿದ್ದದ್ದು ನೋಡಿ, ಮುಗಿದಿದೆ ಎಂದು ಕೊಟ್ಟು ಕಳಿಸಿದ್ದಳು.

"ನಿಮ್ಮಣ್ಣನ ಕಡೆಗೆ ತಳ್ಳಿದ್ದೆ," ಎಂದಳು. "ಅವ್ರು ಮಾಡ್ತಾರೆ ಅಂತ."

ನಾದಿನಿಯ ನಗು ನಿಂತಿತು. ಅವಳು ಬೆಂಚಿನ ಸಂದಿಯಲ್ಲಿ ಕೈ ಹಾಕಿ ಅತ್ತಿಗೆಯ ಕೈ ಹಿಡಿದುಕೊಂಡಳು. ದರ್ಜಿಯಮ್ಮ ಮುಂದಿನ ಬೆಂಚಿಗೆ ಹಣೆಯಿಟ್ಟು ಅತ್ತಳು. ಆರು ತಿಂಗಳ ಅಳು, ಬಿಕ್ಕಿ ಬಿಕ್ಕಿ ಬಂತು. "ದೇವರೇ, ಅವರಿಲ್ಲ," ಎಂದಳು. ಇನ್ನೊಮ್ಮೆ ಎಂದಳು. ಆಮೇಲೆ ಹೇಳಲು ಬೇರೇನೂ ಬೇಕೆನಿಸಲಿಲ್ಲ. ಮೈ ಹಗುರವಾಗಿ ಬೆಂಚಿಗೆ ಒರಗಿತು.

ಆರಾಧನೆ ಮುಗಿದು ಜನ ಶುಭಾಶಯ ಹೇಳುತ್ತಾ ಹೊರಬಿದ್ದರು. ಇಬ್ಬರು ಹೆಂಗಸರು ಏಳದಿರುವುದನ್ನು ಕಂಡು ಚರ್ಚಿನ ಕೆಲಸದವನು ಹತ್ತಿರ ಬಂದ. ವಿಷಯ ತಿಳಿದು, ನಗುತ್ತಾ ಹೋಗಿ, ಮೇಣದಬತ್ತಿಯ ಬತ್ತಿ ಕತ್ತರಿಸುವ ಕತ್ತರಿ ತಂದುಕೊಟ್ಟ.

"ಕತ್ತರಿಸ್ಲಾ ಅತ್ತಿಗೆ?"

"ಇರ್ಲಿ," ಎಂದಳು ದರ್ಜಿಯಮ್ಮ, ಕಣ್ಣು ಮುಚ್ಚಿಯೇ. "ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರೋಣ."